ಹಿಂದಿಯನ್ನು ಒಲಿಸಿಕೊಂಡ ಗುರುವರ್ಯ: ಫಾದರ್ ಕಾಮಿಲ್ ಬುಲ್ಕೆ

ನಮ್ಮ ಧರ್ಮಕೇಂದ್ರದ ಮಕ್ಕಳು ಶಾಲೆಯಲ್ಲಿ ಮೂರು ಭಾಷೆಗಳ ಹೊರೆ ಹೊತ್ತು ಬಳಲುವುದನ್ನು ಕಂಡಾಗಲೆಲ್ಲ ಯೇಸುಸಭೆಯ ವಂದನೀಯ ಫಾದರ್ ಕಾಮಿಲ್ ಬುಲ್ಕೆಯವರು ನಮ್ಮ ನೆನಪಿಗೆ ಬರುತ್ತಾರೆ.

ಬುಲ್ಕೆಯವರು 1909ರ ಸೆಪ್ಟೆಂಬರ್ 1ರಂದು ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತ್ಯದಲ್ಲಿ, ರಾಮ್ಸ್‌ಕಾಪೆಲ್ಲೆ ಎಂಬ ಗ್ರಾಮದಲ್ಲಿ ಜನಿಸಿದರು. ಡಚ್ ಭಾಷೆಯ ಒಂದು ರೂಪವಾದ ಫ್ಲೆಮಿಷ್ ಅವರ ಮಾತೃಭಾಷೆ. ಆ ದೇಶದಲ್ಲಿ ಫ್ಲೆಮಿಷ್ ಜನರೇ ಬಹುಸಂಖ್ಯಾತರಾಗಿದ್ದರೂ ಉನ್ನತ ವಿದ್ಯೆ, ಅಧಿಕಾರ, ಅಂತಸ್ತುಗಳೆಲ್ಲ ಫ್ರೆಂಚ್ ಭಾಷೆಯ ಪಾಲಾಗಿದ್ದವು. ಫ್ರೆಂಚನ್ನು ಕಲಿಯುವುದರಲ್ಲಿ ಕೇಡಿರಲಿಲ್ಲ. ಅದನ್ನು ಕಲಿಯುವವನು ಮನೆಯ ನುಡಿಗೆ ನಾಚಬೇಕೆಂಬ ಭಾವನೆಯೇ ಕೇಡಾಗಿತ್ತು. ಅದರ ವಿರುದ್ಧ ನಡೆದ ಭಾಷಾ ಚಳವಳಿಯ ಕಾವಿನಲ್ಲಿ ಬುಲ್ಕೆಯವರು ಬೆಳೆದರು. ಗೆಂಟ್ ವಿಶ್ವವಿದ್ಯಾನಿಲಯವು ಡಚ್ ಬೋಧನೆಗೆ ತಿರುಗಿದ್ದು 1930ರಲ್ಲಿ. ಲೂವೆನ್‌ನಲ್ಲಿ ಇಂಜಿನಿಯರಿಂಗ್ ಓದಿದ್ದ ಅವರು ಯೇಸುಸಭೆಯನ್ನು ಸೇರಿದ್ದೂ ಅದೇ ವರ್ಷ.

1935ರಲ್ಲಿ ಅವರು ಭಾರತಕ್ಕೆ ಬಂದರು. ಇಲ್ಲಿಯ ವಿದ್ಯಾವಂತರು ಇಂಗ್ಲಿಷನ್ನು ಮೆರೆಸಿ ಸ್ವಂತ ನುಡಿಯನ್ನು ಮರೆತಿರುವುದನ್ನು ಕಂಡಾಗ ಹಳೆಯ ನೋವು ಮರುಕಳಿಸಿತು. ಗುಮ್ಲಾದ ಶಾಲೆಯಲ್ಲಿ ಗಣಿತ ಕಲಿಸಿದ ಅವರು, ತಮ್ಮ ಸೇವಾಕ್ಷೇತ್ರದ ನುಡಿಯಾದ ಹಿಂದಿಯನ್ನು ಮೊದಲಿನಿಂದ ಅಭ್ಯಸಿಸಿದರು, ಸಂಸ್ಕೃತವನ್ನೂ ಕಲಿತರು. 1941ರಲ್ಲಿ ಗುರುದೀಕ್ಷೆ ಪಡೆದ ಬಳಿಕ ಅಲಹಾಬಾದ್ ವಿಶ್ವವಿದ್ಯಾನಿಲಯದಲ್ಲಿ ರಾಮಕಥೆಯ ಉಗಮ ಮತ್ತು ವಿಕಾಸವನ್ನು ಕುರಿತು ಸಂಶೋಧನೆಗೆ ತೊಡಗಿದರು. ಪ್ರಬಂಧ ಇಂಗ್ಲಿಷಿನಲ್ಲಿಯೇ ಇರಬೇಕೆಂಬುದು ಅಂದಿನ ನಿಯಮ. ಹಿಂದಿಯ ಸಂಶೋಧನೆಯನ್ನು ಹಿಂದಿಯಲ್ಲಿಯೇ ಬರೆಯಬೇಕೆಂದು ಅವರು ಪಟ್ಟು ಹಿಡಿದರು, ನಿಯಮವೇ ಬಾಗಿತು. 1949ರಲ್ಲಿ ಡಾಕ್ಟರೇಟ್ ಲಭಿಸಿತು.

ರಾಂಚಿಯ ಸಂತ ಝೇವಿಯರ್ ಕಾಲೇಜಿನಲ್ಲಿ ಹಿಂದಿ ಮತ್ತು ಸಂಸ್ಕೃತ ವಿಭಾಗದ ಮುಖ್ಯಸ್ಥರಾಗಿದ್ದ ಅವರು 1951ರಲ್ಲಿ ಭಾರತದ ಪ್ರಜೆಯಾದರು. ತುಲಸೀದಾಸರಲ್ಲಿ ಅವರಿಗೆ ಅಪಾರ ಗೌರವ. 1968ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್-ಹಿಂದಿ ನಿಘಂಟು ಮನೆಮಾತಾಯಿತು. ಶುಭಸಂದೇಶಗಳನ್ನೂ ಹಿಂದಿಗೆ ತಂದರು. 1974ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. 1982ರ ಆಗಸ್ಟ್ 17ರಂದು ದೆಹಲಿಯಲ್ಲಿ ದೈವಾಧೀನರಾದರು. ಅವರ ಪಾರ್ಥಿವ ಅವಶೇಷಗಳನ್ನು 2018ರಲ್ಲಿ ರಾಂಚಿಗೆ ತರಲಾಯಿತು.

ಹಿಂದಿಯನ್ನು ಅವರ ಮೇಲೆ ಯಾರೂ ಹೇರಲಿಲ್ಲ. ಜನರ ಮೇಲಿನ ಪ್ರೀತಿಯಿಂದ ಅದನ್ನು ಕಲಿತರು. ತಾಯ್ನುಡಿಯನ್ನು ಪ್ರೀತಿಸಿದ್ದರಿಂದಲೇ ಪರನುಡಿಯನ್ನು ಗೌರವಿಸಬಲ್ಲವರಾದರು. ಮನೆಯಲ್ಲಿ ಕನ್ನಡ ಮಾತನಾಡಲು ನಾಚುವ ನಮ್ಮ ಮಕ್ಕಳೂ, ಪೂಜೆಯ ಭಾಷೆಗಾಗಿ ಮುನಿಸಿಕೊಳ್ಳುವ ಹಿರಿಯರಾದ ನಾವೂ ಈ ಬಾಳಿನಿಂದ ಕಲಿಯುವುದು ಬಹಳವಿದೆ. ಪಂಚಾಶತ್ತಮ ದಿನದಂದು ಪವಿತ್ರಾತ್ಮರು ಎಲ್ಲರಿಗೂ ಒಂದೇ ಭಾಷೆಯನ್ನು ಕೊಡಲಿಲ್ಲ; ಅವರವರ ಭಾಷೆಯಲ್ಲಿಯೇ ಶುಭಸಂದೇಶ ಕೇಳುವಂತೆ ಮಾಡಿದರು. ಆ ವರವನ್ನೇ ಬೇಡಿಕೊಳ್ಳೋಣ.