ಹರಪನಹಳ್ಳಿಯ ಬೀಚಿ ಮತ್ತು ಓದಲು ತಡವರಿಸುವ ಹುಡುಗ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕಿರಿಯ ಅಧಿಕಾರಿಯಾಗಿ ಕೂಡ್ಲಿಗಿಯಲ್ಲಿದ್ದೆ. ಕೊಟ್ಟೂರು ಆಗ ಆ ತಾಲ್ಲೂಕಿಗೇ ಸೇರಿತ್ತು. ಒಮ್ಮೆ ಆ ಸೀಮೆಯ ಹಳ್ಳಿಶಾಲೆಯೊಂದಕ್ಕೆ ಭೇಟಿಯಿತ್ತಾಗ ನಾಲ್ಕನೆಯ ತರಗತಿಯ ಹುಡುಗನೊಬ್ಬನನ್ನು ಎಬ್ಬಿಸಿ ಪಾಠ ಓದಲು ಹೇಳಿದೆ. ಮೂರು ಪದ ದಾಟುವಷ್ಟರಲ್ಲಿ ಅವನ ಮಾತು ನಿಂತಿತು, ತರಗತಿ ನಕ್ಕಿತು. ಅದೇ ಹುಡುಗ ತನ್ನ ತಂದೆ ಮಾರಿದ ಶೇಂಗಾ ಚೀಲಗಳ ಲೆಕ್ಕವನ್ನು ಬಾಯಲ್ಲೇ ತಪ್ಪಿಲ್ಲದೆ ಒಪ್ಪಿಸಿದ. ನಾನಾದರೋ ಸಂದರ್ಶಕರ ಪುಸ್ತಕದಲ್ಲಿ ಅವನ ಹೆಸರು ನಮೂದಿಸಿ, ಇಂತಹ ದಡ್ಡ ಮಕ್ಕಳ ಕಡೆ ಗಮನ ಕೊಡಬೇಕೆಂದು ಬರೆದು ಸಹಿ ಹಾಕಿದೆ. ಅಂದು ರಾತ್ರಿ ಪ್ರವಾಸಿ ಮಂದಿರದಲ್ಲಿ ಬೀಚಿಯವರ ತಿಂಮನನ್ನು ಓದಿ ಮನಸಾರೆ ನಕ್ಕೆ.

ಈ ಎರಡು ವರ್ತನೆಗಳ ನಡುವಿನ ವಿರೋಧ ನನಗೆ ಅರಿವಾಗಲು ಮೂರು ದಶಕಗಳೇ ಬೇಕಾದವು. ನನ್ನ ಮೊಮ್ಮಗನಿಗೆ ಡಿಸ್ಲೆಕ್ಸಿಯಾ ಇದೆಯೆಂದು ತಜ್ಞರು ತಿಳಿಸಿದ ದಿನ ಆ ಹುಡುಗ ನೆನಪಾದ. ಅವನ ಹಿಂದೆಯೇ ಬೀಚಿಯೂ ನೆನಪಾದರು.

ಬೀಚಿ ಎಂದೇ ನಾಡಿಗೆ ಪರಿಚಿತರಾದ ರಾಯಸಂ ಭೀಮಸೇನರಾವ್ ಹುಟ್ಟಿದ್ದು 1913ರ ಏಪ್ರಿಲ್ 23ರಂದು, ಹರಪನಹಳ್ಳಿಯಲ್ಲಿ. ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆತಾಯಿಗಳನ್ನು ಕಳೆದುಕೊಂಡ ಅವರು ಬಂಧುಗಳ ಆಸರೆಯಲ್ಲಿ ಬೆಳೆದರು. ಪ್ರೌಢಶಾಲೆಯ ಓದು ಮುಗಿಸಿ ಸರ್ಕಾರಿ ನೌಕರಿಗೆ ಸೇರಿದರು. ಸೇವೆಯ ಬಹುಭಾಗ ಕಳೆದದ್ದು ಪೊಲೀಸ್ ಇಲಾಖೆಯ ಕಡತಗಳ ನಡುವೆ.

ತಾರುಣ್ಯದಲ್ಲಿ ಅವರಿಗೆ ಕನ್ನಡ ಸಾಹಿತ್ಯದ ನಂಟು ಇರಲೇ ಇಲ್ಲವೆನ್ನಬಹುದು. ವಯಸ್ಕರಾದ ಮೇಲೆ ಅ.ನ. ಕೃಷ್ಣರಾಯರ 'ಸಂಧ್ಯಾರಾಗ' ಕೈಗೆ ಬಂದು ಅವರನ್ನು ಕನ್ನಡದ ಕಡೆಗೆ ತಿರುಗಿಸಿತು. ಅನಂತರ ಬಂದದ್ದು ಕಾದಂಬರಿ, ನಾಟಕ, ನಗೆಬರಹಗಳ ಪ್ರವಾಹ. 'ಸುಧಾ' ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಅವರು ಕೊಡುತ್ತಿದ್ದ ಉತ್ತರಗಳಿಗಾಗಿ ಮನೆಮನೆಗಳಲ್ಲಿ ಜನ ಕಾಯುತ್ತಿದ್ದರು. ತಮ್ಮ ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟು, ಅನಾಥ ಬಾಲ್ಯದ ಸಂಕಟವನ್ನೂ ನಗೆಯ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. 1980ರ ಡಿಸೆಂಬರ್ 7ರಂದು ತೀರಿಕೊಂಡರು.

ಬೀಚಿಯವರಿಗೆ ಡಿಸ್ಲೆಕ್ಸಿಯಾ ಇತ್ತೆಂದು ನಾನು ಹೇಳುತ್ತಿಲ್ಲ. ಹಾಗೆನ್ನಲು ಯಾವ ಆಧಾರವೂ ಇಲ್ಲ. ಅವರನ್ನು ಪುಸ್ತಕದಿಂದ ದೂರವಿಟ್ಟ ಕಾರಣಗಳು ಬೇರೆ. ಆದರೆ ಓದಿನ ರುಚಿ ತಡವಾಗಿ ಹತ್ತಿದವನು ಕಳೆದುಹೋದವನಲ್ಲ ಎಂಬುದಕ್ಕೆ ಅವರ ಬದುಕಿಗಿಂತ ಹತ್ತಿರದ ನಿದರ್ಶನ ನಮ್ಮ ಸೀಮೆಯಲ್ಲಿ ನನಗೆ ಸಿಕ್ಕಿಲ್ಲ. ಅವರು ಸೃಷ್ಟಿಸಿದ ತಿಂಮನಾದರೂ ಯಾರು? ಮೇಷ್ಟರ ಪ್ರಶ್ನೆಗೆ ನಿರೀಕ್ಷಿತ ಉತ್ತರ ಕೊಡದವನು. ಅವನ ಉತ್ತರ ತಪ್ಪಿದ್ದರೂ ತಲೆ ಚುರುಕಾಗಿಯೇ ಇದೆ. ಪುಸ್ತಕದ ತಿಂಮನನ್ನು ಮೆಚ್ಚಿದ ನಾನು ತರಗತಿಯಲ್ಲಿ ಎದುರಿಗೆ ನಿಂತ ತಿಂಮನನ್ನು ಗುರುತಿಸಲಿಲ್ಲ.

ಡಿಸ್ಲೆಕ್ಸಿಯಾ ಬುದ್ಧಿಯ ಕೊರತೆಯಲ್ಲ, ಸೋಮಾರಿತನವೂ ಅಲ್ಲ. ಕಿವಿಗೆ ಬಿದ್ದ ಧ್ವನಿಯನ್ನೂ ಕಣ್ಣಿಗೆ ಕಂಡ ಅಕ್ಷರವನ್ನೂ ಜೋಡಿಸುವಲ್ಲಿ ಮಿದುಳಿಗೆ ಆಗುವ ತೊಡಕು ಅದು. ಹಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿಯೂ ಕಾಣಿಸುತ್ತದೆ. ಬರೆದಂತೆ ಓದುವ ಲಿಪಿ ನಮ್ಮದೆಂಬ ಹೆಮ್ಮೆಯಲ್ಲಿ ಕನ್ನಡದ ಮಗುವಿಗೆ ಈ ಕಷ್ಟವಿಲ್ಲವೆಂದು ಭಾವಿಸಬೇಕಿಲ್ಲ. ದ-ಧ, ಬ-ಭ, ಪ-ಷ ಜೋಡಿಗಳ ನಡುವೆ ಇರುವುದು ಒಂದು ಗೆರೆಯ ಅಂತರ. ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆ. 'ಧರ್ಮ' ಎನ್ನುವಾಗ ಮೊದಲು ಉಚ್ಚರಿಸುವ ರಕಾರ ಅರ್ಕಾವೊತ್ತಾಗಿ 'ಮ'ದ ನಂತರ ಬರುತ್ತದೆ. ಇದನ್ನೆಲ್ಲ ಬಿಡಿಸಿಕೊಳ್ಳಲು ಕೆಲವು ಮಕ್ಕಳಿಗೆ ಹೆಚ್ಚು ಕಾಲ, ಬೇರೆ ದಾರಿ ಬೇಕು.

ಆ ದಾರಿ ದುಬಾರಿಯದೇನೂ ಅಲ್ಲ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತ ಬಾಯಲ್ಲಿ ಹೇಳಿಸುತ್ತಿದ್ದ ನಮ್ಮ ಹಳೆಯ ಪದ್ಧತಿಗೂ, ಕಣ್ಣು, ಕಿವಿ, ಕೈ ಮೂರನ್ನೂ ಬಳಸಿ ಕಲಿಸಬೇಕೆನ್ನುವ ಇಂದಿನ ತಜ್ಞರ ವಿಧಾನಕ್ಕೂ ಬಹಳ ದೂರವಿಲ್ಲ. ಮನೆಯಲ್ಲಿ ದಿನಕ್ಕೆ ಕಾಲು ಗಂಟೆ ಮಗುವಿನ ಜೊತೆ ಕೂತು ಓದುವುದು, ತಪ್ಪಿದ ಪದವನ್ನು ಐವತ್ತು ಸಲ ಬರೆಸುವ ಶಿಕ್ಷೆಯನ್ನು ಕೈಬಿಡುವುದು; ಶಾಲೆಯಲ್ಲಿ ಎಲ್ಲರೆದುರು ಎಬ್ಬಿಸಿ ಓದಿಸದಿರುವುದು, ಬರೆಯಲಾರದ್ದನ್ನು ಬಾಯಲ್ಲಿ ಕೇಳುವುದು. ಇವು ಆರಂಭದ ಹೆಜ್ಜೆಗಳು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನು ತನ್ನ ಪಟ್ಟಿಗೆ ಸೇರಿಸಿದೆ. ಅವನ್ನು ಆದಷ್ಟು ಬೇಗ ಗುರುತಿಸಿ ಸೂಕ್ತ ಬೋಧನಾ ಕ್ರಮ ಕೈಗೊಳ್ಳುವ ಹೊಣೆಯನ್ನು ಶಾಲೆಗಳ ಮೇಲೆ ಹೊರಿಸಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಪಡೆಯಲು ಅವಕಾಶವಿದೆ. ಆದರೆ ಈ ಸೌಲಭ್ಯಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕು. ಬೆಂಗಳೂರಿನ ಮಗುವಿಗೆ ನಿಮ್ಹಾನ್ಸ್ ಒಂದು ಬಸ್ಸಿನ ದೂರ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕೂಲಿಕಾರನಿಗೆ ಅಂಥ ಪರೀಕ್ಷೆಯೆಂದರೆ ಕಳೆದುಹೋಗುವ ದಿನಗೂಲಿ. ಅರ್ಥಶಾಸ್ತ್ರ ಓದಿದ ನನಗೆ ಈ ಲೆಕ್ಕ ಕಷ್ಟವಲ್ಲ: ಸೌಲಭ್ಯ ಉಚಿತವಾಗಿದ್ದರೂ ಅದರ ಬಾಗಿಲು ಮುಟ್ಟುವ ವೆಚ್ಚ ಬಡವನಿಗೇ ಹೆಚ್ಚು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಈಗ ಈ ಐದು ತಾಲ್ಲೂಕುಗಳೂ ಒಂದೇ ಆಡಳಿತದಡಿ ಇವೆ. ತಜ್ಞರು ವರ್ಷಕ್ಕೆರಡು ಬಾರಿ ತಾಲ್ಲೂಕು ಕೇಂದ್ರಗಳಿಗೇ ಬಂದು ಮಕ್ಕಳನ್ನು ಪರೀಕ್ಷಿಸುವ ಏರ್ಪಾಡು ಜಿಲ್ಲಾಡಳಿತಕ್ಕೆ ಅಸಾಧ್ಯವೇನಲ್ಲ.

ಬೀಚಿ ತಮ್ಮ ಕಾವ್ಯನಾಮದ ಮೊದಲಕ್ಷರವನ್ನು ಕನ್ನಡದಲ್ಲೂ ಉಳಿದುದನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಬರೆಯುತ್ತಿದ್ದರು. ಮಗು ಹಾಗೆ ಬರೆದರೆ ಕೆಂಪು ಶಾಯಿ ಬೀಳುತ್ತಿತ್ತು. ಆ ಸಹಿಯನ್ನು ತೋರಿಸಿದಾಗ ನನ್ನ ಮೊಮ್ಮಗ ಬಹಳ ಹೊತ್ತು ನೋಡಿ ನಕ್ಕ. ಈಗ ಪ್ರತಿ ಸಂಜೆ ಅವನು ತಿಂಮನ ಒಂದು ನಗೆಹನಿ ಓದುತ್ತಾನೆ. ನಾಲ್ಕೈದು ಸಾಲಿನದಾದ್ದರಿಂದ ಅವನಿಗೆ ಅಂಜಿಕೆಯಿಲ್ಲ; ಕೊನೆಗೊಂದು ನಗುವಿರುವುದರಿಂದ ನಡುವೆ ಬಿಡುವುದೂ ಇಲ್ಲ. ಕೊಟ್ಟೂರಿನ ಕಡೆಯ ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಅವನ ಕುರಿತು ನಾನು ಬರೆದ ಸಾಲನ್ನು ಅಳಿಸಲು ಸಾಧ್ಯವಿಲ್ಲ. ಅವನ ಮಕ್ಕಳ ಕುರಿತು ಯಾರೂ ಅದನ್ನು ಮತ್ತೆ ಬರೆಯದಿರಲಿ.