ಪೇಟನ್ ರೌಸ್: ಐವತ್ತೈದು ವರ್ಷ ಕಾದ ಸತ್ಯ

1966ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವು ಚಾರ್ಲ್ಸ್ ಹಗಿನ್ಸ್ ಅವರೊಡನೆ ಪೇಟನ್ ರೌಸ್ ಅವರಿಗೂ ಸಂದಿತು. ಆಗ ರೌಸ್ ಅವರಿಗೆ 87 ವರ್ಷ. ಯಾವ ಶೋಧಕ್ಕಾಗಿ ಈ ಗೌರವ ದೊರೆಯಿತೋ ಅದು 1911ರಲ್ಲಿಯೇ ಅಚ್ಚಾಗಿ ಹೊರಬಂದಿತ್ತು.

ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1879ರಲ್ಲಿ ಜನಿಸಿದ ರೌಸ್ ಜಾನ್ಸ್ ಹಾಪ್ಕಿನ್ಸ್ ವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿದರು. ವಿದ್ಯಾರ್ಥಿದೆಸೆಯಲ್ಲಿ ಶವಪರೀಕ್ಷೆ ನಡೆಸುವಾಗ ಬೆರಳಿಗಾದ ಗಾಯದಿಂದ ಕ್ಷಯ ಅಂಟಿತು. ಟೆಕ್ಸಾಸಿನ ಬಯಲಿನಲ್ಲಿ ದನಗಾಹಿಗಳ ನಡುವೆ ಒಂದು ವರ್ಷ ಕಳೆದು ಚೇತರಿಸಿಕೊಂಡ ಅವರು ವ್ಯಾಸಂಗ ಮುಗಿಸಿ, 1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಏಡಿಗಂತಿಯ, ಎಂದರೆ ಕ್ಯಾನ್ಸರಿನ, ಸಂಶೋಧನೆಗೆ ತೊಡಗಿದರು.

ಆ ವರ್ಷವೇ ಒಬ್ಬ ರೈತಮಹಿಳೆ ಪ್ಲಿಮತ್ ರಾಕ್ ತಳಿಯ ಹೇಂಟೆಯೊಂದನ್ನು ತಂದೊಪ್ಪಿಸಿದಳು. ಅದರ ಎದೆಯಲ್ಲೊಂದು ಗಂತಿಯಿತ್ತು. ರೌಸ್ ಗಂತಿಯ ಚೂರುಗಳನ್ನು ಅದೇ ಬಳಗದ ಕೋಳಿಗಳಿಗೆ ನೆಟ್ಟರು, ಗಂತಿ ಬೆಳೆಯಿತು. ಬಳಿಕ ಅದನ್ನು ಅರೆದು, ಜೀವಕೋಶವಾಗಲಿ ಬ್ಯಾಕ್ಟೀರಿಯವಾಗಲಿ ತೂರಲಾರದ ಶೋಧಕದಲ್ಲಿ ಸೋಸಿ, ಆ ತಿಳಿರಸವನ್ನು ಚುಚ್ಚಿದರು. ಆಗಲೂ ಗಂತಿ ಮೂಡಿತು. ರೋಗವನ್ನು ಹೊತ್ತದ್ದು ಕೋಶವಲ್ಲ, ವೈರಸ್ ಎಂದಾಯಿತು.

ವಿದ್ವಾಂಸರು ಇದನ್ನು ನಂಬಲಿಲ್ಲ. ಸಸ್ತನಿಗಳಲ್ಲಿ ನಡೆಸಿದ ಇಂಥದೇ ಪ್ರಯೋಗಗಳು ಫಲಿಸದಿರಲು ರೌಸ್ ಅವರೂ ಆ ದಾರಿಯನ್ನು ಬಿಟ್ಟರು. ಆದರೆ ಕೈಕಟ್ಟಿ ಕೂರಲಿಲ್ಲ. ಸಿಟ್ರೇಟ್ ಮತ್ತು ಸಕ್ಕರೆಯ ದ್ರಾವಣದಲ್ಲಿ ರಕ್ತಕಣಗಳನ್ನು ವಾರಗಟ್ಟಲೆ ಕಾಪಾಡುವ ವಿಧಾನವನ್ನು ಟರ್ನರ್ ಅವರೊಡನೆ ಕಂಡುಹಿಡಿದರು. ಮೊದಲ ಮಹಾಯುದ್ಧದ ಗಾಯಾಳುಗಳಿಗೆ ಅದು ಪ್ರಾಣದಾನವಾಯಿತು. 1933ರಲ್ಲಿ ಮಿತ್ರ ರಿಚರ್ಡ್ ಶೋಪ್ ಕಾಡುಮೊಲಗಳ ಚರ್ಮದ ಗಂಟುಗಳಿಗೆ ವೈರಸ್ ಕಾರಣವೆಂದು ತೋರಿಸಿದ ಮೇಲೆ ರೌಸ್ ಹಳೆಯ ಹಾದಿಗೆ ಮರಳಿದರು. ಆ ಗಂಟುಗಳು ಕ್ರಮೇಣ ಏಡಿಗಂತಿಯಾಗಬಲ್ಲವೆಂದು ಸಾಧಿಸಿದರು.

ಕೋಶದ ವಂಶವಾಹಿಗಳಲ್ಲಾಗುವ ಮಾರ್ಪಾಟೇ ಏಡಿಗಂತಿಯ ಮೂಲವೆಂಬ ವಾದವನ್ನು ಮಾತ್ರ ಅವರು ಕೊನೆಯವರೆಗೂ ಒಪ್ಪಲಿಲ್ಲ. ನೊಬೆಲ್ ಉಪನ್ಯಾಸದಲ್ಲಿಯೂ ಅದನ್ನು ಅಲ್ಲಗಳೆದರು. 1970ರಲ್ಲಿ ತೀರಿಕೊಂಡರು. ಆರು ವರ್ಷಗಳಲ್ಲಿ ಅವರ ಕೋಳಿವೈರಸ್ಸೇ ಪ್ರತಿವಾದಿಗಳ ಪರ ಸಾಕ್ಷಿ ನುಡಿಯಿತು. ಗಂತಿ ಬರಿಸುವ ಅದರ ಸಾರ್ಕ್ ಎಂಬ ವಂಶವಾಹಿ ಮೂಲತಃ ಕೋಳಿಯದೇ ಎಂದು 1976ರಲ್ಲಿ ಬಿಷಪ್, ವಾರ್ಮಸ್ ಮತ್ತು ಸಂಗಡಿಗರು ತೋರಿಸಿದರು. ಕೋಶದಲ್ಲಿ ಈ ವಂಶವಾಹಿಯ ಪ್ರೋಟೀನಿಗೆ ಕಡಿವಾಣವುಂಟು. ವೈರಸ್ಸಿನ ಪ್ರೋಟೀನಿಗೆ ಅದು ಕಳಚಿಹೋಗಿದೆ. ಅದು ಇತರ ಪ್ರೋಟೀನುಗಳಿಗೆ ಎಡೆಬಿಡದೆ ಫಾಸ್ಫೇಟನ್ನು ಅಂಟಿಸುತ್ತದೆ. ಆ ಸುದ್ದಿ ಕೋಶಕೇಂದ್ರವನ್ನು ಮುಟ್ಟಿ, ಸುಮ್ಮನಿರಬೇಕಾದ ವಂಶವಾಹಿಗಳು ಎಚ್ಚರಗೊಳ್ಳುತ್ತವೆ.

ಮನುಷ್ಯನಲ್ಲಿಯೂ ಇಂಥ ವಂಚನೆ ನಡೆಯುತ್ತದೆ. ಶೋಪ್ ಕಂಡ ಮೊಲವೈರಸ್ಸಿನ ಕುಲಕ್ಕೇ ಸೇರಿದ ಮಾನವ ಪ್ಯಾಪಿಲೋಮ ವೈರಸ್ಸಿನ ಕೆಲವು ಬಗೆಗಳು ಗರ್ಭಾಶಯದ ಕೊರಳಿನ ಏಡಿಗಂತಿಗೆ ಕಾರಣ. ಅವುಗಳ ಇ-7 ಪ್ರೋಟೀನು ಕೋಶದ ಆರ್‌ಬಿ ಎಂಬ ಕಾವಲು ಪ್ರೋಟೀನನ್ನು ಹಿಡಿದು, ಅದರ ಬಂಧನದಲ್ಲಿದ್ದ ಇ-2-ಎಫ್ ಪ್ರೋಟೀನನ್ನು ಬಿಡಿಸುತ್ತದೆ. ಬಿಡುಗಡೆಗೊಂಡ ಅದು ಕೋಶವಿಭಜನೆಯ ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ. ಈ ವೈರಸ್ಸನ್ನು ತಡೆಯುವ ಲಸಿಕೆ 2006ರಿಂದ ಬಳಕೆಯಲ್ಲಿದೆ.

ಲೋಕ ನಂಬದಿದ್ದುದನ್ನು ರೌಸ್ ಕಂಡರು. ತಾವು ಕಂಡದ್ದರೊಳಗೇ ಅಡಗಿದ್ದುದನ್ನು ನಂಬದೆ ಹೋದರು. ಆದರೂ ಆ ಎರಡನೆಯ ಸತ್ಯಕ್ಕೆ ಬಾಗಿಲು ತೆರೆದದ್ದು ಅವರು ಸೋಸಿದ ತಿಳಿರಸವೇ.