ಕಿವಿಯೇ ಕಣ್ಣಾದ ಗಾಯಕ ವಿಷ್ಣು ದಿಗಂಬರ ಪಲುಸ್ಕರ

ಹೆಲನ್ ಕೆಲರ್ ಅವರ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಎರಡು ವರ್ಷ ತುಂಬುವ ಮೊದಲೇ ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡ ಆಕೆಗೆ ಕೈಬೆರಳುಗಳೇ ಲೋಕವನ್ನು ತೋರಿಸಿದವು. ಆಕೆಗಿಂತ ಎಂಟು ವರ್ಷ ಮೊದಲು, 1872ರ ಆಗಸ್ಟ್ 18ರಂದು, ನಮ್ಮ ಮಿರಜಕ್ಕೆ ಸಮೀಪದ ಕುರುಂದವಾಡದಲ್ಲಿ ಹುಟ್ಟಿದ ಬಾಲಕನೊಬ್ಬನ ಕಥೆಯೂ ಅಂಥದೇ. ಅವನಿಗೆ ಕಣ್ಣು ಕೈಕೊಟ್ಟಾಗ ಕಿವಿ ಕೈಹಿಡಿಯಿತು.

ವಿಷ್ಣುವಿನ ತಂದೆ ದಿಗಂಬರಪಂತರು ಕೀರ್ತನಕಾರರು. ಒಂದು ಉತ್ಸವದಲ್ಲಿ ಪಟಾಕಿ ಮುಖದ ಹತ್ತಿರವೇ ಸಿಡಿದು ಹುಡುಗನ ಕಣ್ಣುಗಳಿಗೆ ಪೆಟ್ಟಾಯಿತು. ಶಾಲೆಯ ಓದು ನಿಂತಿತು. ಆ ಮನೆಯವರ ಚಿಂತೆ ಎಷ್ಟಿದ್ದೀತೆಂಬುದನ್ನು ಪಾಲಕರಾದವರೇ ಬಲ್ಲರು. ಔಷಧೋಪಚಾರಕ್ಕೆಂದು ಜನ ಇಂದಿಗೂ ಮಿರಜಕ್ಕೆ ಬರುತ್ತಾರಲ್ಲವೆ? ವಿಷ್ಣುವನ್ನೂ ಇಲ್ಲಿಗೇ ಕರೆತಂದರು. ದೃಷ್ಟಿ ಮೊದಲಿನಂತಾಗಲಿಲ್ಲ, ಆದರೆ ಹುಡುಗನ ಕಂಠವನ್ನು ಮೆಚ್ಚಿದ ವೈದ್ಯರು ಸಂಗೀತ ಕಲಿಸಿರೆಂದು ಸೂಚಿಸಿದರು. ಹೀಗೆ ಮದ್ದಿಗೆ ಬಂದವನಿಗೆ ಗುರು ದೊರೆತರು. ಅವರೇ ಬಾಳಕೃಷ್ಣಬುವಾ ಇಚಲಕರಂಜೀಕರ. ನಮ್ಮ ಮಲ್ಲಿಕಾರ್ಜುನ ಮನಸೂರರಿಗೆ ಮಿರಜದಲ್ಲಿ ಪಾಠ ಹೇಳಿದ ನೀಲಕಂಠಬುವಾ ಆಲೂರಮಠ ಅವರೂ ಇದೇ ಗುರುವಿನ ಶಿಷ್ಯರೆಂಬುದನ್ನು ಇಲ್ಲಿ ನೆನೆಯಬೇಕು.

ಅಂದಿನ ಕಲಿಕೆ ಸುಲಭದ್ದಲ್ಲ. ಗುರುವಿನ ಬಾಯಿಂದ ಬಂದುದನ್ನು ಕೇಳಬೇಕು, ಮನದಲ್ಲಿ ಹಿಡಿಯಬೇಕು, ದಿನವಿಡೀ ಸಾಧನೆ ಮಾಡಬೇಕು. ಕಣ್ಣಿನ ಕೊರತೆ ಅಲ್ಲಿ ಅಡ್ಡಬರಲಿಲ್ಲ.

1896ರಲ್ಲಿ ವಿಷ್ಣು ದಿಗಂಬರರು ಮಿರಜ ಬಿಟ್ಟು ದೇಶಸಂಚಾರಕ್ಕೆ ಹೊರಟರು. ಗವಾಯಿಗಳನ್ನು ಕಂಡರೆ ಸಭ್ಯ ಮನೆತನದವರು ಮೂಗು ಮುರಿಯುತ್ತಿದ್ದ ಕಾಲ ಅದು. ಹಾಡುವವನಿಗೂ ಮರ್ಯಾದೆ ಸಿಗಬೇಕು, ಎಲ್ಲರ ಮಕ್ಕಳೂ ಸಂಗೀತ ಕಲಿಯಬೇಕು ಎಂಬುದೇ ಅವರ ಹಂಬಲವಾಯಿತು. ಅರಮನೆಯ ಹಾಡನ್ನು ಟಿಕೀಟಿನ ಕಚೇರಿಗಳ ಮೂಲಕ ಸಾಮಾನ್ಯರ ಬಳಿಗೆ ತಂದರು. 1901ರ ಮೇ 5ರಂದು ದೂರದ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. 1908ರಲ್ಲಿ ಮುಂಬಯಿಗೂ ಅದನ್ನು ತಂದರು. ಬಡ ವಿದ್ಯಾರ್ಥಿಗಳಿಗೆ ಊಟ, ವಸತಿ ಕೊಟ್ಟು ಸಂಗೀತ ಶಿಕ್ಷಕರನ್ನಾಗಿ ಸಿದ್ಧಗೊಳಿಸಿದರು.

ಇನ್ನೊಂದು ಸಂಗತಿ ನಮಗೆ ಬಹಳ ಸೋಜಿಗವೆನಿಸುತ್ತದೆ. ಕಣ್ಣು ಮಂಜಾಗಿ ಶಾಲೆಯ ಪುಸ್ತಕ ಬಿಟ್ಟ ಇವರೇ ಸ್ವರಗಳನ್ನು ಬರೆದಿಡುವ ಲಿಪಿಯೊಂದನ್ನು ರೂಪಿಸಿ, ಮಕ್ಕಳಿಗಾಗಿ ಸಂಗೀತದ ಪಾಠಪುಸ್ತಕಗಳನ್ನು ಅಚ್ಚು ಹಾಕಿಸಿದರು!

ಕಷ್ಟಗಳು ಬೆನ್ನು ಬಿಡಲಿಲ್ಲ. ಮುಂಬಯಿಯ ವಿದ್ಯಾಲಯಕ್ಕಾಗಿ ಮಾಡಿದ ಸಾಲ ತೀರದೆ ಕಟ್ಟಡ ಲಿಲಾವಾಯಿತು. ಆದರೂ ಅವರು ಹಾಡು ಬಿಡಲಿಲ್ಲ, ಶಿಷ್ಯರನ್ನು ಬಿಡಲಿಲ್ಲ. ನಾಸಿಕದಲ್ಲಿ ಆಶ್ರಮ ಮಾಡಿಕೊಂಡು ರಾಮನಾಮದಲ್ಲಿ ನೆಮ್ಮದಿ ಕಂಡರು. ಕಾಂಗ್ರೆಸ್ ಅಧಿವೇಶನಗಳಲ್ಲಿ ವಂದೇ ಮಾತರಂ ಹಾಡಿದರು. ಗಾಂಧೀಜಿಯವರ ಪ್ರಾರ್ಥನೆಯಲ್ಲಿ ಕೇಳಿಬರುತ್ತಿದ್ದ ರಾಮಧುನ್‌ಗೆ ಸ್ವರ ಹಾಕಿದವರು ಇವರೇ.

1931ರ ಆಗಸ್ಟ್ 21ರಂದು ಅವರು ದೇಹವಿಟ್ಟದ್ದೂ ಮಿರಜದಲ್ಲಿಯೇ. ಮಗ ದತ್ತಾತ್ರೇಯನಿಗೆ ಆಗ ಹತ್ತು ವರ್ಷ. ತಂದೆಯ ಶಿಷ್ಯರಾದ ವಿನಾಯಕರಾವ ಪಟವರ್ಧನ ಮತ್ತು ನಾರಾಯಣರಾವ ವ್ಯಾಸ ಅವರು ಅವನಿಗೆ ಮುಂದಿನ ಪಾಠ ಹೇಳಿದರು.